ಬಣ್ಣಕ್ಕಿಂತ ಮೊದಲು: ನಾಡದೋಣಿ ದುರಸ್ತಿಯ ತಪ್ಪು ಕಲ್ಪನೆಗಳು ಮತ್ತು ವಾಸ್ತವ

ಮೇ ತಿಂಗಳು ಬಂತೆಂದರೆ ಉಪ್ಪುಂದ, ಮರವಂತೆ, ಗಂಗೊಳ್ಳಿ ಕಡೆಯ ಕಡಲ ದಂಡೆಯಲ್ಲಿ ದೋಣಿ ಕೆಲಸ ಜೋರಾಗುತ್ತದೆ. ಮಗುಚಿಟ್ಟ ನಾಡದೋಣಿಗಳು, ರೆಸಿನ್ ಡಬ್ಬಗಳು, ಬಿಚ್ಚಿ ಹರಡಿದ ಔಟ್‌ಬೋರ್ಡ್ ಎಂಜಿನ್, ಹರಿದ ಬಲೆ ಸರಿಪಡಿಸುತ್ತ ಕೂತ ಹಿರಿಯರು. ಮಳೆಗಾಲದ ಮೊದಲ ತೂಫಾನ್ ಎದ್ದು ಇಳಿದ ಮೇಲೆ ಸಿಗಡಿ, ಬೂತಾಯಿ, ಬಂಗುಡೆ ದಡದ ಹತ್ತಿರ ಸಿಗತೊಡಗುತ್ತವೆ. ಅಷ್ಟರೊಳಗೆ ದೋಣಿ ತಯಾರಿರಬೇಕು. ಒಂದು ವಾರ ತಡವಾದರೆ ಆ ವಾರದ ದುಡಿಮೆ ಹೋಯಿತೆಂದೇ ಲೆಕ್ಕ.

ಈ ಅವಸರದ ಕೆಲಸದ ಸುತ್ತ ಹಲವು ನಂಬಿಕೆಗಳು ಬೆಳೆದಿವೆ. ಕೆಲವು ಮರದ ದೋಣಿಯ ಕಾಲದಿಂದ ಬಂದವು. ಮರಕ್ಕೆ ಸರಿ, ಫೈಬರ್‌ಗೆ ಹೊಂದುವುದಿಲ್ಲ. ಕೆಲವು ಅಂಗಡಿಯಲ್ಲಿ ಹುಟ್ಟಿದವು. ಇನ್ನು ಕೆಲವಕ್ಕೆ ಸಮಯದ ಅಭಾವವೇ ತಾಯಿ. ಔಟ್‌ಬೋರ್ಡ್ ಎಂಜಿನ್ ಕಟ್ಟಿದ ಸಣ್ಣ ಫೈಬರ್ ನಾಡದೋಣಿಯನ್ನು ಮುಖ್ಯವಾಗಿ ಇಟ್ಟುಕೊಂಡು ಅವುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಜೂನ್, ಜುಲೈ ಹೇಗೂ ಮೀನುಗಾರಿಕೆಗೆ ರಜೆ. ದುರಸ್ತಿಗೆ ಬೇಕಾದಷ್ಟು ಸಮಯವಿದೆ.

ವಾಸ್ತವ: ರಜೆ ಯಾರಿಗೆ ಎಂಬುದನ್ನು ಮೊದಲು ನೋಡಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಇರುವುದು ಟ್ರಾಲ್‌ಬೋಟ್, ಪರ್ಸೀನ್ ಬೋಟ್‌ಗಳಂಥ ಯಾಂತ್ರೀಕೃತ ದೋಣಿಗಳಿಗೆ. ಕರ್ನಾಟಕದ ಆದೇಶದಲ್ಲಿ 10 ಅಶ್ವಶಕ್ತಿವರೆಗಿನ ಎಂಜಿನ್ ಬಳಸುವ ನಾಡದೋಣಿಗಳಿಗೆ ವಿನಾಯಿತಿ ಇದೆ. ದೊಡ್ಡ ಬೋಟ್‌ಗಳೆಲ್ಲ ಮಲ್ಪೆ, ಮಂಗಳೂರಿನ ದಕ್ಕೆಯಲ್ಲಿ ಕಟ್ಟಿ ನಿಂತಿರುವ ಆ ಎರಡು ತಿಂಗಳೇ ನಾಡದೋಣಿಯವರ ಮುಖ್ಯ ದುಡಿಮೆಯ ಕಾಲ. ಟ್ರಾಲ್‌ಬೋಟ್ ಮಾಲೀಕರಿಗೆ ದುರಸ್ತಿಯ ಗಡುವು ಜುಲೈ ಕೊನೆ. ನಾಡದೋಣಿಯವರಿಗೆ ಮೇ ಕೊನೆ.

ಅದೂ ಹೆಸರಿಗೆ ಮಾತ್ರ ಮೇ ಕೊನೆ. ಮುಂಗಾರು ನಮ್ಮ ಕರಾವಳಿ ಮುಟ್ಟುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಾದರೂ ಮೇ ತಿಂಗಳಲ್ಲೇ ಅಡ್ಡಮಳೆ ಶುರುವಾಗುತ್ತದೆ. 2021ರಲ್ಲಿ ತೌಕ್ತೆ ಚಂಡಮಾರುತ ಮೇ ಮಧ್ಯದಲ್ಲೇ ಕರಾವಳಿಯನ್ನು ಕೆದಕಿ ಹೋಯಿತು. ಮೇ ಕೊನೆಗೆ ಕೆಲಸ ಹಿಡಿದವರಿಗೆ ಮಿಸ್ತ್ರಿಯೂ ಸಿಗುವುದಿಲ್ಲ, ಬಿಸಿಲೂ ಸಿಗುವುದಿಲ್ಲ. ದೋಣಿಯನ್ನು ದಡಕ್ಕೆಳೆದು ಬಿಚ್ಚುವ, ತೊಳೆಯುವ, ಒಣಗಿಸುವ ಕೆಲಸ ಮಾರ್ಚ್, ಏಪ್ರಿಲ್‌ನಲ್ಲೇ ಆಗಬೇಕು. ಹೆಚ್ಚು ದಿನ ಹಿಡಿಯುವುದು ಅಂಟಿಸುವುದಕ್ಕಲ್ಲ, ಒಣಗುವುದಕ್ಕೆ.

ತಪ್ಪು ಕಲ್ಪನೆ 2: ಫೈಬರ್ ನೀರು ಕುಡಿಯುವುದಿಲ್ಲ, ಕೊಳೆಯುವುದೂ ಇಲ್ಲ.

ವಾಸ್ತವ: ಫೈಬರ್ ಅಂದರೆ ಗಾಜಿನ ನೂಲಿನ ಮ್ಯಾಟ್‌ಗೆ ಪಾಲಿಯೆಸ್ಟರ್ ರೆಸಿನ್ ಕುಡಿಸಿ ಗಟ್ಟಿಮಾಡಿದ ಪದರಗಳು, ಅದರ ಹೊರಮೈಗೆ ನುಣುಪಾದ ಜೆಲ್‌ಕೋಟ್. ಈ ಜೆಲ್‌ಕೋಟ್ ಮೂಲಕವೂ ನೀರು ಬಹಳ ನಿಧಾನವಾಗಿ ಒಳಗಿಳಿಯುತ್ತದೆ. ಬಿರುಕು ಬಿಟ್ಟಲ್ಲಿ ಬೇಗ ಇಳಿಯುತ್ತದೆ. ಒಳಗೆ ಸರಿಯಾಗಿ ಗಟ್ಟಿಯಾಗದ ರೆಸಿನ್‌ನ ಅಂಶಗಳ ಜೊತೆ ಸೇರಿ ಅಲ್ಲಲ್ಲಿ ಬೊಕ್ಕೆ ಏಳುತ್ತದೆ. ಅಂಥ ಬೊಕ್ಕೆ ಚುಚ್ಚಿದರೆ ಹುಳಿ ವಾಸನೆಯ ದ್ರವ ಹೊರಬರುತ್ತದೆ. ಅದನ್ನು ಕೆರೆದು ತೆರೆದು ಒಣಗಿಸದೆ ಮೇಲೆ ಬಣ್ಣ ಹೊಡೆದರೆ ಬೊಕ್ಕೆ ಅಲ್ಲೇ ಉಳಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಇದಕ್ಕಿಂತ ಹೆಚ್ಚು ಅಪಾಯದ ಜಾಗ ಎಂಜಿನ್ ಕೂರುವ ಹಿಂಬದಿ. ಹಲವು ದೋಣಿಗಳಲ್ಲಿ ಅಲ್ಲಿ ಫೈಬರ್ ಪದರಗಳ ನಡುವೆ ಮರ ಅಥವಾ ಪ್ಲೈವುಡ್ ಇರುತ್ತದೆ. ಎಂಜಿನ್ ಬಿಗಿಯಲು ಕೊರೆದ ಬೋಲ್ಟ್ ತೂತುಗಳ ಅಂಚನ್ನು ಮುಚ್ಚದೆ ಬಿಟ್ಟರೆ ನೀರು ಆ ದಾರಿಯಲ್ಲಿ ಒಳಗಿಳಿದು ಮರವನ್ನು ಕೊಳೆಸುತ್ತದೆ. ಹೊರಗಿನ ಫೈಬರ್ ನೋಡಲು ಚೆನ್ನಾಗಿಯೇ ಇರುತ್ತದೆ. ಪರೀಕ್ಷೆ ಸುಲಭ: ಸಣ್ಣ ಸುತ್ತಿಗೆಯ ಹಿಡಿಯಿಂದ ಅಥವಾ ನಾಣ್ಯದಿಂದ ಅಲ್ಲಲ್ಲಿ ತಟ್ಟಿ ಕೇಳಬೇಕು. ಗಟ್ಟಿ ಜಾಗ ಸ್ಪಷ್ಟವಾಗಿ ಟಣ್ ಎನ್ನುತ್ತದೆ. ಪದರ ಬಿಟ್ಟ ಅಥವಾ ತೇವ ಹಿಡಿದ ಜಾಗದಲ್ಲಿ ಸದ್ದು ಮಂಕು. ಎಂಜಿನ್ ಕಟ್ಟಿದಾಗ ಅದನ್ನು ಹಿಂದೆ ಮುಂದೆ ಅಲುಗಾಡಿಸಿ. ಹಿಂಬದಿಯೇ ಬಾಗಿದಂತೆ ಕಂಡರೆ ಒಳಗಿನ ಮರ ಮುಗಿದಿದೆ ಎಂದು ತಿಳಿಯಬಹುದು.

ಒಣಗಿಸುವ ಮೊದಲು ದೋಣಿಯನ್ನು ಒಳಗೂ ಹೊರಗೂ ಸಿಹಿನೀರಿನಲ್ಲಿ ತೊಳೆಯಲೇಬೇಕು. ಉಪ್ಪು ಉಳಿದ ಮೈ ಗಾಳಿಯ ತೇವ ಎಳೆಯುತ್ತಲೇ ಇರುತ್ತದೆ, ಎಷ್ಟು ಬಿಸಿಲಿಗಿಟ್ಟರೂ ಪೂರ್ತಿ ಒಣಗುವುದಿಲ್ಲ. ಒಣಗಿತೋ ಇಲ್ಲವೋ ತಿಳಿಯಲು, ಉಜ್ಜಿ ತೆರೆದ ಜಾಗಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು.

ತಪ್ಪು ಕಲ್ಪನೆ 3: ಬಿರುಕು ಕಂಡಲ್ಲಿ ಎರಡು ಪದರ ಮ್ಯಾಟ್ ಅಂಟಿಸಿ, ಮೇಲೆ ಧಾರಾಳವಾಗಿ ರೆಸಿನ್ ಸುರಿದರೆ ಆಯಿತು.

ವಾಸ್ತವ: ಬಿರುಕುಗಳೆಲ್ಲ ಒಂದೇ ಅಲ್ಲ. ಜೆಲ್‌ಕೋಟ್‌ನಲ್ಲಿ ಮಾತ್ರ ಇರುವ ಕೂದಲೆಳೆಯಂಥ ಗೆರೆಗಳು ಮೇಲ್ಮೈಯವು. ಕೆರೆದು ತುಂಬಿದರೆ ಸಾಕು. ಒಂದು ಬಿಂದುವಿನಿಂದ ಸುತ್ತಲೂ ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ. ಅಡ್ಡಪಟ್ಟಿ, ಕೂರುವ ಹಲಗೆ ಸೇರುವ ಮೂಲೆಗಳಲ್ಲಿ ಒಂದೇ ದಿಕ್ಕಿಗೆ ಸಾಲಾಗಿ ಎದ್ದಿದ್ದರೆ ದೋಣಿಯ ಮೈ ಅಲ್ಲಿ ಮತ್ತೆ ಮತ್ತೆ ಬಾಗುತ್ತಿದೆ ಎಂದರ್ಥ. ಬಾಗುವುದನ್ನು ನಿಲ್ಲಿಸದೆ ಬಿರುಕನ್ನಷ್ಟೇ ಮುಚ್ಚಿದರೆ ಮುಂದಿನ ಅಲೆಗಳಿಗೆ ಅದು ಮತ್ತೆ ಬಾಯಿಬಿಡುತ್ತದೆ.

ಹಳೆಯ, ಗಟ್ಟಿಯಾದ ಫೈಬರ್‌ಗೆ ಹೊಸ ರೆಸಿನ್ ರಾಸಾಯನಿಕವಾಗಿ ಬೆರೆಯುವುದು ತೀರಾ ಕಡಿಮೆ. ಒರಟು ಮೈಯ ಹಿಡಿತದಲ್ಲೇ ಅದು ನಿಲ್ಲಬೇಕು. ಬಣ್ಣದ ಮೇಲೆ, ಜೆಲ್‌ಕೋಟ್ ಮೇಲೆ, ಎಣ್ಣೆ ಜಿಡ್ಡಿನ ಮೇಲೆ ಅಂಟಿಸಿದ ಮ್ಯಾಟ್ ಒಂದು ದಿನ ಸಿಪ್ಪೆಯಾಗಿ ಎದ್ದು ಬರುತ್ತದೆ. ಗ್ರೈಂಡರ್ ಹಿಡಿದು ಗಟ್ಟಿ ಗಾಜಿನ ಪದರ ಸಿಗುವವರೆಗೆ ಉಜ್ಜಿ, ದೂಳು ತೆಗೆದು, ಅಸಿಟೋನ್ ಬಟ್ಟೆಯಿಂದ ಒರೆಸಿದ ಮೇಲೆ ಮ್ಯಾಟ್ ಹಾಕಬೇಕು. ತೂತಿನ ಅಂಚನ್ನು ನೇರ ಕತ್ತರಿಸಬಾರದು, ಇಳಿಜಾರಾಗಿ ಉಜ್ಜಬೇಕು. ಭಾರ ಹೊರುವ ಜಾಗದಲ್ಲಿ ಆ ಇಳಿಜಾರು ದಪ್ಪದ 12 ಪಟ್ಟು ಇರಬೇಕೆಂಬುದು ಫೈಬರ್ ಕೆಲಸದಲ್ಲಿ ಒಪ್ಪಿಕೊಂಡ ಲೆಕ್ಕ. 6 ಮಿ.ಮೀ. ದಪ್ಪದ ಮೈಗೆ ತೂತಿನ ಸುತ್ತ 7 ಸೆಂ.ಮೀ.ಗೂ ಹೆಚ್ಚು ಅಗಲ ಉಜ್ಜಬೇಕಾಗುತ್ತದೆ. ಸಣ್ಣ ತೂತಿಗೆ ಇಷ್ಟು ದೊಡ್ಡ ಗಾಯ ಮಾಡುವುದೇ ಎಂದು ಮಾಲೀಕರು ಗಾಬರಿಯಾಗುತ್ತಾರೆ. ಆದರೆ ಬಲ ಹಂಚಿಹೋಗುವುದು ಆ ಇಳಿಜಾರಿನಲ್ಲೇ.

ಇನ್ನು ರೆಸಿನ್ ಧಾರಾಳ. ಬಲ ಕೊಡುವುದು ಗಾಜು. ರೆಸಿನ್ ಅದನ್ನು ಹಿಡಿದಿಡುತ್ತದೆ ಅಷ್ಟೆ. ಕೈಯಿಂದ ಹಾಕುವ ಕೆಲಸದಲ್ಲಿ 1 ಕೆ.ಜಿ. ಮ್ಯಾಟ್‌ಗೆ ಸುಮಾರು 2ರಿಂದ 2.5 ಕೆ.ಜಿ. ರೆಸಿನ್ ಸಾಕು. ಹೆಚ್ಚಾದರೆ ತೂಕ ಏರುತ್ತದೆ, ಮೈ ಪೆಡಸಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ರೋಲರ್ ಹಿಡಿದು ಗಾಳಿಗುಳ್ಳೆಗಳನ್ನು ಹೊರಗಟ್ಟುವ ತಾಳ್ಮೆ.

ತಪ್ಪು ಕಲ್ಪನೆ 4: ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಮೋಡ ಕಟ್ಟಿದ ದಿನ ಇದೇ ಉಪಾಯ.

ವಾಸ್ತವ: ಪಾಲಿಯೆಸ್ಟರ್ ರೆಸಿನ್‌ಗೆ ಹಾಕುವ ಎಂಇಕೆಪಿ ಎಂಬ ಹಾರ್ಡನರ್ ಪ್ರಮಾಣ ಸಾಮಾನ್ಯವಾಗಿ ಶೇ 1ರಿಂದ 2, ಅಂದರೆ 1 ಕೆ.ಜಿ. ರೆಸಿನ್‌ಗೆ 10ರಿಂದ 20 ಗ್ರಾಂ. ಮಿತಿ ಮೀರಿದರೆ ರೆಸಿನ್ ಒಮ್ಮೆಲೇ ಬಿಸಿಯೇರಿ, ಕುಗ್ಗಿ, ಬಿರುಕು ಬಿಡುತ್ತದೆ. ಬಕೆಟ್ ತುಂಬ ಕಲಸಿಟ್ಟರಂತೂ ಹೊಗೆ ಏಳುವಷ್ಟು ಕಾಯುತ್ತದೆ. ಮ್ಯಾಟ್ ನೆನೆಯುವ ಮೊದಲೇ ರೆಸಿನ್ ಗಟ್ಟಿಯಾದರೆ ಒಳಗೆ ಒಣ ಗಾಜು ಉಳಿಯುತ್ತದೆ, ನೀರಿಗೆ ಅದೇ ದಾರಿ. ಮೋಡದ ದಿನದ ತೊಂದರೆ ಚಳಿಯದ್ದಲ್ಲ, ತೇವದ್ದು. ಅದಕ್ಕೆ ಹಾರ್ಡನರ್‌ನಲ್ಲಿ ಮದ್ದಿಲ್ಲ. ಟಾರ್ಪಾಲ್ ಕಟ್ಟಿ ಗಾಳಿಯಾಡುವ ನೆರಳು ಮಾಡಿಕೊಳ್ಳಬೇಕು, ಇಲ್ಲವೇ ಕಾಯಬೇಕು.

ಕೆಲಸ ಮುಗಿದ ಮೇಲೂ ಮೇಲ್ಮೈ ಕೈಗೆ ಅಂಟುತ್ತಿದ್ದರೆ ಹಾರ್ಡನರ್ ಕಡಿಮೆಯಾಯಿತೆಂದು ಗಾಬರಿಯಾಗುವವರಿದ್ದಾರೆ. ಗಾಳಿಯ ಆಮ್ಲಜನಕ ತಾಗುವ ಮೇಲ್ಪದರ ಪಾಲಿಯೆಸ್ಟರ್‌ನಲ್ಲಿ ಅಂಟಂಟಾಗಿಯೇ ಉಳಿಯುತ್ತದೆ. ಕೊನೆಯ ಪದರಕ್ಕೆ ವ್ಯಾಕ್ಸ್ ಬೆರೆಸಿದ ರೆಸಿನ್ ಬಳಿದರೆ ವ್ಯಾಕ್ಸ್ ಮೇಲೆ ತೇಲಿ ಗಾಳಿ ತಡೆಯುತ್ತದೆ, ಮೈ ಗಟ್ಟಿಯಾಗುತ್ತದೆ.

ಇದರ ಜೊತೆಗೆ ಜೀವಕ್ಕೆ ಸಂಬಂಧಿಸಿದ ಮಾತೊಂದಿದೆ. ಕೋಬಾಲ್ಟ್ ವೇಗವರ್ಧಕವನ್ನೂ ಎಂಇಕೆಪಿಯನ್ನೂ ಎಂದೂ ನೇರವಾಗಿ ಬೆರೆಸಬಾರದು. ಬೆಂಕಿ ಹೊತ್ತಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟ್ ಅನ್ನು ರೆಸಿನ್‌ನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಎರಡೂ ಬಾಟಲಿಗಳನ್ನು ದೂರ ದೂರ ಇಡಬೇಕು, ಅಳೆಯಲು ಒಂದೇ ಲೋಟ ಬಳಸಬಾರದು. ಹಾರ್ಡನರ್‌ನ ಒಂದು ಹನಿ ಕಣ್ಣಿಗೆ ಹಾರಿದರೂ ದೃಷ್ಟಿಗೆ ಕುತ್ತು. ಕೂಡಲೇ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ಗಾಜಿನ ದೂಳಿಗೆ ಮುಖಕ್ಕೆ ಕಟ್ಟಿದ ಬೈರಾಸು ಸಾಲದು, ಸರಿಯಾದ ಮಾಸ್ಕ್ ಮತ್ತು ಕನ್ನಡಕ ಬೇಕು.

ತಪ್ಪು ಕಲ್ಪನೆ 5: ತಳಕ್ಕೆ ದುಬಾರಿ ಆ್ಯಂಟಿಫೌಲಿಂಗ್ ಬಣ್ಣ ಹೊಡೆಯದಿದ್ದರೆ ದೋಣಿ ಹಾಳಾಗುತ್ತದೆ.

ವಾಸ್ತವ: ಈ ಬಣ್ಣದಲ್ಲಿರುವ ತಾಮ್ರದ ಆಕ್ಸೈಡ್ ನೀರಿನಲ್ಲಿ ನಿಧಾನವಾಗಿ ಬಿಡುಗಡೆಯಾಗಿ ಬಾರ್ನಕಲ್ ಚಿಪ್ಪು, ಪಾಚಿ ಅಂಟದಂತೆ ತಡೆಯುತ್ತದೆ. ನೀರಿನಲ್ಲೇ ಕಟ್ಟಿಡುವ ದೋಣಿಗೆ, ಉದಾಹರಣೆಗೆ ಗಂಗೊಳ್ಳಿಯ ಅಳಿವೆಯೊಳಗೆ ಲಂಗರು ಹಾಕುವ ದೋಣಿಗೆ, ಅದು ಬೇಕು. ಪ್ರತಿದಿನ ಮರಳಿಗೆ ಎಳೆದಿಡುವ ದೋಣಿಗೆ ಅದರಿಂದ ಲಾಭವಿಲ್ಲ. ಒಣಗಿದ ಮೈಗೆ ಬಾರ್ನಕಲ್ ಹಿಡಿಯುವುದಿಲ್ಲ, ಹೊಡೆದ ಬಣ್ಣವೂ ಮರಳಿಗೆ ಉಜ್ಜಿ ಹೋಗುತ್ತದೆ. ಆ ಹಣವನ್ನು ಎಳೆಯುವಾಗ ಸವೆದ ತಳದ ಏಣನ್ನು ಹೊಸ ಪದರ ಹಾಕಿ ಗಟ್ಟಿಮಾಡಲು ಬಳಸುವುದು ಜಾಣತನ. ಅಲ್ಯೂಮಿನಿಯಂ ದೋಣಿಗೆ ತಾಮ್ರದ ಬಣ್ಣ ತಾಗಲೇಬಾರದು, ಲೋಹವನ್ನೇ ತಿನ್ನುತ್ತದೆ. ತವರದ ಸಂಯುಕ್ತವಿದ್ದ ಹಳೆಯ ಬಗೆಯ ಬಣ್ಣ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಕಡಲಜೀವಿಗಳಿಗೆ ವಿಷವೆಂದು ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲೇ ಜಾರಿಗೆ ಬಂದಿದೆ.

ತಪ್ಪು ಕಲ್ಪನೆ 6: ಹಳೆಯ ಮರದ ದೋಣಿಗೆ ಫೈಬರ್ ಹೊದಿಸಿಬಿಟ್ಟರೆ ಮತ್ತೆ ನೋಡಬೇಕಾಗಿಲ್ಲ.

ವಾಸ್ತವ: ಒಣಗಿದ, ಗಟ್ಟಿ ಮರಕ್ಕೆ ಹೊದಿಸಿದರೆ ಒಳ್ಳೆಯ ರಕ್ಷಣೆ ನಿಜ. ಮರದ ದೋಣಿಗಳಿಗೆ ಫೈಬರ್, ಅಲ್ಯೂಮಿನಿಯಂ ಹೊದಿಕೆಗಳ ಬಗ್ಗೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೂ ಕೆಲಸ ಮಾಡಿದೆ. ಆದರೆ ವರ್ಷಗಟ್ಟಲೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿದ ಹಲಗೆಗೆ ರೆಸಿನ್ ಹಿಡಿಯುವುದು ಕಷ್ಟ. ತೇವ ಉಳಿದ ಮರಕ್ಕೆ ಹೊದಿಸಿದರೆ ಆ ತೇವ ಒಳಗೇ ಸಿಕ್ಕಿಕೊಂಡು, ಹೊರಗೆ ನುಣುಪು, ಒಳಗೆ ಕೊಳೆ ಎಂಬಂತಾಗುತ್ತದೆ. ಮರ ನೀರಿಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಫೈಬರ್ ಅದರ ಜೊತೆ ಅಷ್ಟು ಆಡುವುದಿಲ್ಲ, ಅಂಟು ಬಿಡುತ್ತದೆ. ಮರ ಕೊರೆಯುವ ಹುಳದ ಕಾಟ ಶುರುವಾದ ಹಲಗೆಯನ್ನು ಮುಚ್ಚುವ ಬದಲು ತೆಗೆದು ಬೇರೆ ಹಾಕಬೇಕು. ಹಾಗೆಯೇ, ಬೇಸಿಗೆಯೆಲ್ಲ ದಡದಲ್ಲಿದ್ದ ಮರದ ದೋಣಿ ನೀರಿಗಿಳಿಸಿದ ಮೊದಲ ದಿನ ಸೋರಿದರೆ ಹೆದರಬೇಕಿಲ್ಲ. ಹಲಗೆ ನೆನೆದು ಉಬ್ಬಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಆಮೇಲೂ ಸೋರಿದರೆ ಮಾತ್ರ ಸಂದಿನ ನಾರು, ಹತ್ತಿ ಬದಲಿಸಬೇಕು.

ತಪ್ಪು ಕಲ್ಪನೆ 7: ಎಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು, ಇನ್ನೇನು ನೋಡುವುದಿದೆ?

ವಾಸ್ತವ: ದಡದಲ್ಲಿ ಸ್ಟಾರ್ಟ್ ಆಗುವುದು ಎಂಜಿನ್. ಅಳಿವೆ ಬಾಗಿಲಲ್ಲಿ ಕೈಕೊಡುವುದು ಸಾಮಾನ್ಯವಾಗಿ ನೀರಿನ ಪಂಪು, ಇಂಧನದ ಕೊಳವೆ ಅಥವಾ ಗೇರ್. ನೀರಿಲ್ಲದೆ ಎಂಜಿನ್ ಓಡಿಸಿ ನೋಡುವ ಅಭ್ಯಾಸವೇ ಪಂಪಿನ ರಬ್ಬರ್ ಇಂಪೆಲ್ಲರ್ ಅನ್ನು ಸುಟ್ಟುಹಾಕುತ್ತದೆ. ಡ್ರಮ್ಮಿನಲ್ಲಿ ಸಿಹಿನೀರು ತುಂಬಿ, ಕೆಳಭಾಗ ಮುಳುಗಿಸಿಯೇ ಓಡಿಸಬೇಕು. ಆಗ ತಂಪಿನ ನೀರು ಹೊರಬರುವ ತೂತಿನಿಂದ ಒಂದೇ ಧಾರೆಯಾಗಿ ಚಿಮ್ಮಬೇಕು. ಒಳಗಿನ ಉಪ್ಪೂ ತೊಳೆದು ಹೋಗುತ್ತದೆ.

ಗೇರ್ ಎಣ್ಣೆ ಇಳಿಸಿ ನೋಡಿ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಸೀಲ್ ಹೋಗಿದೆ. ಪ್ರೊಪೆಲ್ಲರ್ ಬಿಚ್ಚಿದರೆ ಕಾರಣ ಹಲವು ಸಲ ಅಲ್ಲೇ ಸಿಗುತ್ತದೆ: ದಂಡಕ್ಕೆ ಸುತ್ತಿಕೊಂಡು ಸೀಲ್ ಕೊಯ್ದ ಬಲೆಯ ನೈಲಾನ್ ದಾರ. ಕಳೆದ ವರ್ಷ ಉಳಿದ ಸೀಮೆಎಣ್ಣೆ, ಪೆಟ್ರೋಲನ್ನು ಟ್ಯಾಂಕಿಯಲ್ಲೇ ಬಿಟ್ಟಿದ್ದರೆ ತಳದಲ್ಲಿ ನೀರು ಕೂತಿರುತ್ತದೆ. ಚೆಲ್ಲದೆ ಬೇರೆ ಪಾತ್ರೆಗೆ ತೆಗೆದು, ಟ್ಯಾಂಕಿ ತೊಳೆದು, ಫಿಲ್ಟರ್ ಬದಲಿಸಿ. ಬಿರುಕು ಬಿಟ್ಟ ಇಂಧನ ಪೈಪಿಗೆ ಟೇಪ್ ಸುತ್ತುವುದು ದುರಸ್ತಿಯಲ್ಲ.

ಎಂಜಿನ್ನಿನ ಕೆಳಭಾಗದಲ್ಲಿ ಬಿಗಿದಿರುವ ಸತುವಿನ ತುಂಡನ್ನು ಅಂದಕ್ಕೆಂದು ಬಣ್ಣ ಬಳಿದು ಮುಚ್ಚುವವರು ಬಹಳ. ಉಪ್ಪುನೀರು ಎಂಜಿನ್ನಿನ ಲೋಹವನ್ನು ತಿನ್ನುವ ಬದಲು ಆ ತುಂಡನ್ನು ತಿನ್ನಲಿ ಎಂದೇ ಅದನ್ನು ಅಲ್ಲಿಟ್ಟಿರುವುದು. ಬಣ್ಣ ಮೆತ್ತಿದರೆ ಅದು ಕೆಲಸ ಮಾಡದು. ಅರ್ಧ ಸವೆದಿದ್ದರೆ ಬದಲಿಸಬೇಕು.

ತಪ್ಪು ಕಲ್ಪನೆ 8: ಎಂಜಿನ್ ದೊಡ್ಡದಾದಷ್ಟೂ ದುಡಿಮೆ ಹೆಚ್ಚು.

ವಾಸ್ತವ: ದೋಣಿಯ ಹಿಂಬದಿ ಯಾವ ಎಂಜಿನ್ನಿನ ಭಾರ, ತಳ್ಳುವಿಕೆ ತಾಳುವಂತೆ ಕಟ್ಟಲಾಗಿದೆಯೋ ಅದಕ್ಕಿಂತ ದೊಡ್ಡದು ಕಟ್ಟಿದರೆ ಬಿರುಕು ಖಚಿತ. ಹಿಂಬದಿ ತಗ್ಗಿ ಮಳೆಗಾಲದ ಅಲೆ ಒಳಗೆ ನುಗ್ಗುವುದೂ ಸುಲಭ. 10 ಅಶ್ವಶಕ್ತಿ ದಾಟಿದರೆ ಜೂನ್, ಜುಲೈನಲ್ಲಿ ಕಡಲಿಗಿಳಿಯುವ ವಿನಾಯಿತಿಯೇ ಕೈತಪ್ಪುತ್ತದೆ. ವೇಗ ಸಾಲದು ಎನಿಸಿದರೆ ಮೊದಲು ನೋಡಬೇಕಾದದ್ದು ತಳದ ಪಾಚಿ, ಒಳಗೆ ನೀರು ಕುಡಿದು ಹೆಚ್ಚಿದ ತೂಕ, ಅಂಚು ಮುರಿದ ಪ್ರೊಪೆಲ್ಲರ್. ಎಷ್ಟೋ ಸಲ ಹೊಸ ಎಂಜಿನ್ನಿನ ಆಸೆ ಈ ಮೂರನ್ನು ಸರಿಪಡಿಸಿದಾಗ ತಣಿಯುತ್ತದೆ.

ತಪ್ಪು ಕಲ್ಪನೆ 9: ಫೈಬರ್ ದೋಣಿ ಮುಳುಗುವುದಿಲ್ಲ. ಈಜು ಬಲ್ಲವರಿಗೆ ಲೈಫ್‌ಜಾಕೆಟ್ ಬೇಡ.

ವಾಸ್ತವ: ಮರ ತೇಲುತ್ತದೆ, ಫೈಬರ್ ತೇಲುವುದಿಲ್ಲ. 1 ಲೀಟರ್ ಕಡಲ ನೀರಿನ ತೂಕ ಸುಮಾರು 1.03 ಕೆ.ಜಿ.; ಅಷ್ಟೇ ಗಾತ್ರದ ಫೈಬರ್ ಸುಮಾರು ಒಂದೂವರೆ ಕೆ.ಜಿ. ನೀರು ತುಂಬಿದ ಫೈಬರ್ ದೋಣಿಯನ್ನು ತೇಲಿಸುವುದು ಅದರ ಮೂತಿಯಲ್ಲಿ, ಪಕ್ಕಗಳಲ್ಲಿ, ಕೂರುವ ಹಲಗೆಗಳ ಕೆಳಗೆ ಇರುವ ಮುಚ್ಚಿದ ಕೋಣೆಗಳು. 100 ಲೀಟರಿನ ಒಣ ಕೋಣೆ ಹತ್ತಿರ ಹತ್ತಿರ 100 ಕೆ.ಜಿ. ಭಾರ ಎತ್ತಿಹಿಡಿಯುತ್ತದೆ, ಸೋರಿ ನೀರು ತುಂಬಿದ ಕೋಣೆ ಏನನ್ನೂ ಎತ್ತದು. ದುರಸ್ತಿಯ ವೇಳೆ ಪ್ರತಿ ಕೋಣೆಯ ಬಿರಡೆ ತೆಗೆದು ನೋಡಬೇಕು. ನೀರು ಬಂದರೆ ಸೋರುವ ಜಾಗ ಹುಡುಕಬೇಕು. ಒಳಗಿನ ಫೋಮ್ ನೀರು ಹೀರಿದ್ದರೆ ಅದನ್ನೂ ತೆಗೆಯಬೇಕು. ಬದಲಿಗೆ ಥರ್ಮಾಕೋಲ್ ತುಂಬಿ ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಹಾಕಿದರೆ ರೆಸಿನ್ ತಾಗಿದಲ್ಲೆಲ್ಲ ಥರ್ಮಾಕೋಲ್ ಕರಗಿಹೋಗುತ್ತದೆ. ಪೆಟ್ರೋಲ್ ತಾಗಿದರೂ ಅಷ್ಟೆ.

ಲೈಫ್‌ಜಾಕೆಟ್ ವಿಷಯಕ್ಕೆ ಬಂದರೆ, ಮಳೆಗಾಲದಲ್ಲಿ ದೋಣಿ ಮಗುಚುವ ದೊಡ್ಡ ಅಪಾಯ ಅಲೆ ಒಡೆಯುವ ಅಳಿವೆ ಬಾಗಿಲಲ್ಲಿ, ದಡ ಕಣ್ಣೆದುರಿಗೇ ಇರುವಾಗ. ತಲೆಗೆ ದೋಣಿಯ ಅಂಚು ತಾಗಿದವರಿಗೆ, ಬಲೆಗೆ ಕಾಲು ಸಿಕ್ಕವರಿಗೆ ಈಜು ನೆರವಾಗುವುದಿಲ್ಲ. ಮೂಲೆಯಲ್ಲಿ ಮುದುಡಿಬಿದ್ದ ಜಾಕೆಟ್‌ಗಳ ಪಟ್ಟಿ, ಬಕಲ್, ಒಳಗಿನ ಫೋಮ್ ನೋಡಿ ಹರಿದವನ್ನು ಬದಲಿಸುವುದೂ ದುರಸ್ತಿಯ ಪಟ್ಟಿಯಲ್ಲಿರಬೇಕು.

ತಪ್ಪು ಕಲ್ಪನೆ 10: ಬಣ್ಣ ಹೊಡೆದಾಯಿತು ಅಂದರೆ ದೋಣಿ ಸಿದ್ಧ.

ವಾಸ್ತವ: ಬಣ್ಣ ಕೊನೆಯ ಕೆಲಸ, ಆದರೆ ಸಿದ್ಧತೆಯ ಕೊನೆ ಅದಲ್ಲ. ಮೊದಲನೆಯದಾಗಿ, ಬಣ್ಣ ಹೊಡೆಯುವಾಗ ನೋಂದಣಿ ಸಂಖ್ಯೆ ಅಳಿಸಿಹೋಗಿರುತ್ತದೆ. 2008ರ ಮುಂಬೈ ದಾಳಿಯ ನಂತರ ಕರಾವಳಿಯ ಕಾವಲು ಬಿಗಿಯಾಗಿದೆ. ದೋಣಿಯ ಸಂಖ್ಯೆ ದೂರದಿಂದಲೇ ಓದುವಂತಿರಬೇಕು, ರಾಜ್ಯಕ್ಕೆ ಗೊತ್ತುಮಾಡಿದ ಬಣ್ಣವೂ ಇರಬೇಕು. ಎಂಜಿನ್ ಬದಲಾಗಿದ್ದರೆ ಮೀನುಗಾರಿಕೆ ಇಲಾಖೆಯ ದಾಖಲೆಯಲ್ಲೂ ವಿಮೆಯಲ್ಲೂ ತಿದ್ದಿಸಬೇಕು. ಕಾಗದದಲ್ಲಿ ಒಂದು ಎಂಜಿನ್, ದೋಣಿಯಲ್ಲಿ ಇನ್ನೊಂದು ಇದ್ದರೆ ಅವಘಡವಾದಾಗ ಪರಿಹಾರ ಸಿಗುವುದು ಕಷ್ಟ.

ಎರಡನೆಯದಾಗಿ, ದೋಣಿಯನ್ನು ಮೊದಲ ಸಲ ಇಳಿಸುವ ಜಾಗ ಕಡಲಲ್ಲ, ಹೊಳೆ. ಅಲೆಯಿಲ್ಲದ ನೀರಿನಲ್ಲಿ ಬಲೆಯಿಲ್ಲದೆ ಇಬ್ಬರು ಮೂವರು ಕೂತು ಒಂದು ಗಂಟೆ ಓಡಿಸಿ, ದಡಕ್ಕೆ ತಂದು, ಕೋಣೆಗಳ ಬಿರಡೆ, ಬೋಲ್ಟ್, ಪೈಪ್ ಮತ್ತೊಮ್ಮೆ ನೋಡಬೇಕು. ಸಿಕ್ಕ ತಪ್ಪನ್ನು ತಿದ್ದಲು ಎರಡು ಒಣ ದಿನ ಕೈಯಲ್ಲಿರಬೇಕು.

ಇಷ್ಟಕ್ಕೆಲ್ಲ ಸಮಯ ಸಾಲದಿದ್ದರೆ? ಬಹಳ ಜನ ಮಾಡುವಂತೆ ಒಣಗಿಸುವುದನ್ನು ಅರ್ಧಕ್ಕೆ ನಿಲ್ಲಿಸಿ ಬಣ್ಣ ಹೊಡೆಯಬೇಡಿ. ಜೆಲ್‌ಕೋಟ್ ಗಟ್ಟಿಯಾಗಿರುವ ದೋಣಿ ಹೊಸ ಬಣ್ಣವಿಲ್ಲದೆ ಒಂದು ಮಳೆಗಾಲ ಸಲೀಸಾಗಿ ದುಡಿಯುತ್ತದೆ. ಕೊಳೆತ ಹಿಂಬದಿ, ಸೋರುವ ಕೋಣೆ ಇಟ್ಟುಕೊಂಡು ಒಂದು ದಿನವೂ ದುಡಿಯಬಾರದು. ಪಟ್ಟಿಯಿಂದ ಏನನ್ನಾದರೂ ಕೈಬಿಡಲೇಬೇಕಾದರೆ ನೋಂದಣಿ ಸಂಖ್ಯೆಯನ್ನಷ್ಟೇ ದಪ್ಪಕ್ಷರದಲ್ಲಿ ಬರೆಸಿ, ಉಳಿದ ಬಣ್ಣವನ್ನು ಕೈಬಿಡಿ.